ಅಹಲ್ಯಾ ಮರೆತ ಸೆನ್ಸರ್

ನಿಲ್ಲಿ ಎಂದು ಹಿಂದಿನಿಂದ ಇಂಗ್ಲಿಷಿನಲ್ಲಿ ಬಂದ ಕೂಗಿಗೆ ಅಹಲ್ಯಾಳ ಎದೆ ಧಸಕ್ಕೆಂದಿತು. ಇಳಿಜಾರಿನ ಮೇಲೆ ಊರಬೇಕಿದ್ದ ಕಾಲು ಗಾಳಿಯಲ್ಲೇ ನಿಂತಿತು.

"ಎಲ್ಲಿಂದ ಬಂದ್ನಪ್ಪಾ ಈ ಸಿಡುಕ…" ಎಂದು ಕನ್ನಡದಲ್ಲಿ ಗೊಣಗಿಕೊಂಡಳು.

"ಸಿಡುಕ ಅಲ್ಲ, ಕೌಸ್ತುಭ್," ಎಂದಿತು ಅದೇ ಧ್ವನಿ, ಈಗ ಶುದ್ಧ ಮೈಸೂರು ಕನ್ನಡದಲ್ಲಿ. "ನಿಮ್ಮ ಬೀಗ ಎಲ್ಲಿ?"

ನಾಚಿಕೆಗೆ ಅವಳ ಕಿವಿ ಕೆಂಪಾಯಿತು.

ಅದು ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನ ಒಂದು ದೊಡ್ಡ ಶೀತಲ ಗೋದಾಮು. ಬಾಗಿಲ ಮುಂದಿನ ಇಳಿಜಾರಿನಲ್ಲಿ ಮಂಜುಗಡ್ಡೆ ಕಟ್ಟಿ ಫೋರ್ಕ್‌ಲಿಫ್ಟ್‌ಗಳು ಜಾರುತ್ತಿದ್ದವು. ಅದನ್ನು ಕರಗಿಸಲು ಕಾಂಕ್ರೀಟಿನೊಳಗೆ ವಿದ್ಯುತ್ ಕೇಬಲ್ ಹೂತಿದ್ದರು. ಅದನ್ನು ಪರೀಕ್ಷಿಸಿ ಒಪ್ಪಿಸುವುದಕ್ಕೆಂದೇ ಅಹಲ್ಯಾ ಅಡಿಲೇಡ್‌ನಿಂದ ಬಂದಿದ್ದಳು. ಕೌಸ್ತುಭ್ ಅಲ್ಲಿನ ಎಲೆಕ್ಟ್ರಿಕಲ್ ಎಂಜಿನಿಯರ್. ಅದಕ್ಕೂ ಮೊದಲು ಆರು ವರ್ಷ ಪರ್ತ್ ಕಡೆಯ ಗಣಿಗಳಲ್ಲಿದ್ದವನು. ಕೆಲಸದ ನಡುವೆ ಯಾರೂ ಕರೆಂಟ್ ಕೊಡದಂತೆ, ಕೆಲಸಕ್ಕಿಳಿಯುವ ಪ್ರತಿಯೊಬ್ಬರೂ ಮೇನ್ ಸ್ವಿಚ್‌ಗೆ ತಮ್ಮ ಹೆಸರಿನ ಬೀಗ ಹಾಕಬೇಕು, ಹಾಕಿದವರೇ ಅದನ್ನು ತೆಗೆಯಬೇಕು ಎಂಬ ಗಣಿಯ ಕಟ್ಟಳೆಯನ್ನು ಅವನು ಇಲ್ಲಿಗೂ ತಂದಿದ್ದ.

ಮೊದಮೊದಲು ಅವಳಿಗೆ ಇದೆಲ್ಲ ಅತಿ ಅನ್ನಿಸಿತು. ಆದರೆ ಮೂರು ವಾರ ಕಳೆಯುವಷ್ಟರಲ್ಲಿ ಇಬ್ಬರೂ ಕೆಲಸ ಮುಗಿಸಿ ಸನ್ನಿಬ್ಯಾಂಕ್ ಬಡಾವಣೆಯಲ್ಲಿ ನೂಡಲ್ಸ್ ತಿನ್ನುವುದು ರೂಢಿಯಾಗಿತ್ತು. ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲಿನತ್ತಲೇ ಹೋಗುತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ!

ಎಲ್ಲ ಕೆಟ್ಟದ್ದು ಕೊನೆಯ ದಿನ. ಅವಳು ಕಂಟ್ರೋಲ್ ಪೆಟ್ಟಿಗೆಯ ಮುಚ್ಚಳ ಮುಚ್ಚುವ ಹೊತ್ತಿಗೆ ಅವನು ಬಂದು, ಇನ್ನೊಮ್ಮೆ ಇಬ್ಬರೂ ಸೇರಿ ಎಲ್ಲ ನೋಡೋಣ ಎಂದ. ಅವಳಿಗೆ ಚುರುಕ್ಕೆಂದಿತು. ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲದಿದ್ದರೆ ಬೇರೆಯವರನ್ನು ಕರೆಸಿಕೊಳ್ಳಿ ಎಂದವಳೇ ಮುಚ್ಚಳ ಬಿಗಿದು, ತನ್ನ ಬೀಗ ಕಿತ್ತುಕೊಂಡು ವಿಮಾನ ಹತ್ತಿದಳು. ಆಮೇಲೆ ನಾಲ್ಕು ದಿನ ಅವನ ಕರೆಗಳನ್ನು ಎತ್ತಲಿಲ್ಲ.

ಐದನೆಯ ದಿನ, ಜುಲೈ ತಿಂಗಳ ಒಂದು ತಣ್ಣನೆಯ ಬೆಳಿಗ್ಗೆ, ಅಡಿಲೇಡ್ ಆಫೀಸಿನಲ್ಲಿ ಹೊಸದಾಗಿ ಸೇರಿದ ಭಾವನಾಗೆ ಅವಳು ಲಿಮಿಟ್ ಸೆನ್ಸರ್ ಬಗ್ಗೆ ಪಾಠ ಹೇಳುತ್ತಿದ್ದಳು. ಕೇಬಲ್ ಪಕ್ಕದಲ್ಲೇ ಹೂತಿರುವ ಬೆರಳುದ್ದದ ವಸ್ತು ಅದು, ನೆಲ ಮಿತಿ ಮೀರಿ ಕಾದರೆ ಕರೆಂಟ್ ಕಡಿಯುವಂತೆ ಮಾಡುವುದು ಅದೇ ಎಂದಳು. ಪರೀಕ್ಷೆಯ ಹೊತ್ತಿನಲ್ಲಿ ಅದರ ತಂತಿ ಬಿಚ್ಚಿ ಆ ಜಾಗಕ್ಕೆ ರೆಸಿಸ್ಟರ್ ಎಂಬ ಪುಟ್ಟ ಬಿಡಿಭಾಗ ಸಿಕ್ಕಿಸುತ್ತೇವೆ, ಆಗ ನೆಲ ಸದಾ ತಣ್ಣಗಿದೆ ಎಂದೇ ಯಂತ್ರ ನಂಬುತ್ತದೆ, ಕೊನೆಗೆ ಮರೆಯದೆ…

ಅವಳ ಮಾತು ಅಲ್ಲೇ ನಿಂತಿತು.

'ನಾನು ಆ ರೆಸಿಸ್ಟರ್ ತೆಗೆದೆನಾ?'

ಜಗಳ ನೆನಪಿತ್ತು. ಮುಚ್ಚಳ ಬಿಗಿದದ್ದು ನೆನಪಿತ್ತು. ಸೆನ್ಸರ್ ತಂತಿಯನ್ನು ಮತ್ತೆ ಜೋಡಿಸಿದ್ದು ಮಾತ್ರ ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ… ಜೋಡಿಸಿರಲಿಲ್ಲ!

ಇಂದು ಹನ್ನೊಂದಕ್ಕೆ ಇಳಿಜಾರಿಗೆ ಕರೆಂಟ್ ಕೊಡುವವರಿದ್ದರು. ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಅಬ್ಬಾ, ಇನ್ನೂ ಹೊತ್ತಿದೆ ಎಂದು ಉಸಿರು ಬಿಡುವಷ್ಟರಲ್ಲಿ ಅವಳಿಗೆ ಹೊಳೆಯಿತು. ಬ್ರಿಸ್ಬೇನ್ ಅಡಿಲೇಡ್‌ಗಿಂತ ಅರ್ಧ ಗಂಟೆ ಮುಂದೆ. ಅಲ್ಲಿ ಆಗಲೇ ಹನ್ನೊಂದೂ ಕಾಲು.

ಕೇಬಲ್ ಕಾದು ಹೊದಿಕೆ ಸುಟ್ಟರೆ ಒದ್ದೆ ನೆಲವೆಲ್ಲ ಕರೆಂಟ್. ಆ ನೆಲದ ಮೇಲೆ ಮೊದಲು ಮೊಣಕಾಲೂರಿ ಮಂಜುಗಡ್ಡೆ ಕರಗಿದೆಯೇ ಎಂದು ನೋಡುವವನು ಕೌಸ್ತುಭ್!

ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ… ದೇವರೇ… ಕೌಸ್ತುಭ್, ಒಂದು ಸಲ ಎತ್ತಿಬಿಡಿ, ಜನ್ಮದಲ್ಲಿ ನಿಮ್ಮ ಮೇಲೆ ಸಿಟ್ಟಾಗುವುದಿಲ್ಲ.

ಉಳಿದದ್ದು ಗೋದಾಮಿನ ಮ್ಯಾನೇಜರ್ ನಟರಾಜ್. ಅವರಿಗೆ ಹೇಳಿದರೆ ವಿಷಯ ಕಂಪನಿಗೆ ಹೋಗುತ್ತದೆ. ಕಾಗದಪತ್ರದಲ್ಲಿ ಏನೋ ತೊಡಕಿದೆ, ಸ್ವಲ್ಪ ನಿಲ್ಲಿಸಿ ಎಂದು ಸುಳ್ಳು ಹೇಳಿದರೆ? ನಿಧಾನವಾಗಿ ನೋಡೋಣಮ್ಮ ಎಂದುಬಿಟ್ಟರೆ?

"ಅಂಕಲ್, ಇಳಿಜಾರಿನ ಕರೆಂಟ್ ಈಗಲೇ ತೆಗೀರಿ. ಲಿಮಿಟ್ ಸೆನ್ಸರ್ ಜೋಡಿಸೋದು ಮರೆತುಬಂದಿದ್ದೀನಿ. ತಪ್ಪು ನಂದು. ಕೌಸ್ತುಭ್ ಅಲ್ಲಿದ್ದಾರೆ… ಬೇಗ ಓಡಿ ಅಂಕಲ್."

ಅತ್ತ ಫೋನ್ ಮೇಜಿನ ಮೇಲೆ ಬಿದ್ದ ಸದ್ದು, ಓಡುವ ಹೆಜ್ಜೆ, ಯಾರದೋ ಕೂಗು. ಆಮೇಲೆ ಏನೂ ಇಲ್ಲ. ಭಾವನಾ ನೀರು ತಂದಿಟ್ಟಳು. ಹನ್ನೆರಡು ನಿಮಿಷ ಅಹಲ್ಯಾ ಬದುಕಿದ್ದೂ ಸತ್ತಂತಿದ್ದಳು.

ಫೋನ್ ಬಡಿದುಕೊಂಡಿತು. ಕೌಸ್ತುಭ್!

"ಚೆನ್ನಾಗಿದೀನಿ," ಎಂದ ಮೊದಲಿಗೆ. ಫೋನ್ ಲಾಕರಿನಲ್ಲಿತ್ತಂತೆ. ಮೂಲೆಯಲ್ಲಿ ಹೊಗೆ ಕಂಡು, ನೋಡೋಣವೆಂದು ಕಾಲೆತ್ತಿದ್ದನಂತೆ. ಅಷ್ಟರಲ್ಲಿ ನಟರಾಜ್ ಸ್ವಿಚ್ ಎಳೆದರಂತೆ.

ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಅವರಿಗ್ಯಾಕೆ ಹೇಳಿದ್ರಿ ಅಹಲ್ಯಾ? ನಂಗೊಂದು ಮೆಸೇಜ್ ಹಾಕಿದ್ರೆ ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡಿಬಿಡ್ತಿದ್ದೆ. ಈಗ ನಿಮ್ಮ ಕೆಲಸ…"

"ಲಾಕರಿಂದ ಫೋನ್ ತೆಗೆದು ಮೆಸೇಜ್ ನೋಡೋಕೆ ನೀವೇ ಇಲ್ದೇ ಹೋಗಿದ್ರೆ? ಕೆಲಸ ಬೇರೆ ಸಿಗತ್ತೆ. ನೀವು ಸಿಗ್ತೀರಾ?"

ಅವನು ತಗ್ಗಿದ ದನಿಯಲ್ಲಿ ಗಣಿಯ ಕಥೆ ಹೇಳಿದ. ಒಮ್ಮೆ ಹೀಗೇ ಒಂದು ತಂತಿ ಮರೆತುಹೋಗಿ ಉತ್ತಮ್ ಎಂಬ ಗೆಳೆಯನ ಎರಡೂ ಅಂಗೈ ಸುಟ್ಟಿದ್ದವು. ಮರೆತವನು ಕೌಸ್ತುಭನೇ.

"ಅವತ್ತು ಇಬ್ರೂ ಸೇರಿ ನೋಡೋಣ ಅಂದಿದ್ದು ನಿಮ್ಮ ಮೇಲೆ ನಂಬಿಕೆ ಇಲ್ದೇ ಅಲ್ಲ. ನಂಗೆ ನನ್ ಮೇಲೇ ಇಲ್ಲ. ಅದನ್ನ ಹೇಳಿದ್ರೆ ನೀವು ದೂರ ಹೋಗ್ತೀರೇನೋ ಅಂತ ಭಯ ಆಯ್ತು."

"ಹೇಳದೇ ಇದ್ದಿದ್ದಕ್ಕೇ ಹೋದೆ," ಎಂದಳು ಅವಳು, ಅಳುವಿನ ನಡುವೆಯೇ. "ನಾಳೆ ಬರ್ತೀನಿ. ಆ ಪೆಟ್ಟಿಗೆ ತೆಗೆಯೋವಾಗ ಪಕ್ಕದಲ್ಲಿ ಇರ್ತೀರಲ್ವಾ?"

"ಇರ್ತೀನಿ. ಪೆಟ್ಟಿಗೆ ಮುಚ್ಚಿದ ಮೇಲೂ, ನೀವು ಒಪ್ಪಿದ್ರೆ."

"ಒಪ್ಪಿದ್ದೀನಿ… ಆದ್ರೆ ನಂಗಿನ್ನೂ ಭಯ ಹೋಗಿಲ್ಲ, ಕೌಸ್ತುಭ್."

"ನಂಗೂ. ಫೋನ್ ಮಾತ್ರ ಇಡ್ಬೇಡಿ."

ಅವಳು ಇಡಲಿಲ್ಲ.