ಬಿಟ್ಟ ಸಾಲು

ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರುದಾರ ಕುರ್ಚಿ ಎಳೆದುಕೊಳ್ಳುವ ಮೊದಲೇ ಮಾತು ಶುರುಮಾಡಿದ. ಕ್ರಿಪ್ಟೋಕರೆನ್ಸಿ ಬಗ್ಗೆ ಲೇಖನ ಪ್ರಕಟಿಸುವ ವೆಬ್‌ಸೈಟ್ ಒಂದರ ಮಾಲೀಕ ಆತ. ಮೂಲ ಲೇಖನಗಳು ಇಂಗ್ಲಿಷಿನಲ್ಲಿರುತ್ತಿದ್ದವು. ಅವನ್ನು ಕೊರಿಯನ್ ಮತ್ತು ಜಪಾನಿ ಭಾಷೆಗೆ ಅನುವಾದ ಮಾಡಿಸಿ ಅಲ್ಲಿನ ಓದುಗರಿಗೆ ತಲುಪಿಸುವುದು ಅವನ ವ್ಯವಹಾರ.

"ಒಂದೊಂದು ಭಾಷೇಲಿ ಮುನ್ನೂರಾರು ಲೇಖನ ಸಾರ್. ನಿನ್ನೆ ಒಂದೇ ದಿನದಲ್ಲಿ ಯಾರೋ ಎಲ್ಲಾ ಒರೆಸಿ ಹಾಕಿದಾರೆ."

"ಇಂಗ್ಲಿಷಿನವು?" ಇನ್ಸ್‌ಪೆಕ್ಟರ್ ಕೇಳಿದರು.

"ಅವನ್ನ ಮುಟ್ಟಿಲ್ಲ. ಈ ಎರಡು ಭಾಷೇಲಿ ಮಾತ್ರ ಪ್ರತಿ ಪುಟದಲ್ಲೂ ಒಂದೊಂದೇ ಸಾಲು ಉಳಿಸಿದಾರೆ."

"ಏನು ಸಾಲು?"

ಮಾಲೀಕ ಕತ್ತು ಕೆರೆದುಕೊಂಡ. "ನಂಗೆ ಆ ಭಾಷೆಗಳು ಬರಲ್ಲ."

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮಾಲೀಕನ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ಆರು ಮೇಜು, ನೀರಿನ ಕ್ಯಾನು, ಒಣಗಿದ ಗಿಡವಿದ್ದ ಒಂದು ಕುಂಡ. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಲಾಗಿನ್ ದಾಖಲೆಗಳ ಪ್ರಿಂಟ್ ತೆಗೆಸಿಕೊಂಡರು. ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತರಿಂದ ಸಂಜೆ ನಾಲ್ಕರವರೆಗೆ ಒಂದೇ ಖಾತೆಯಿಂದ ಎಲ್ಲ ಬದಲಾವಣೆ ಆಗಿತ್ತು. ಆ ಖಾತೆ ಕೊರಿಯನ್ ಅನುವಾದಕಿಯದು. ಇಪ್ಪತ್ತಾರು ವರ್ಷದ ಹುಡುಗಿ, ಎರಡು ತಿಂಗಳ ಹಿಂದೆ ಕೆಲಸ ಬಿಟ್ಟಿದ್ದಳು. ಖಾತೆ ಮುಚ್ಚುವುದನ್ನು ಕಚೇರಿಯವರು ಮರೆತಿದ್ದರು.

"ಜಪಾನಿಗೆ ಯಾರು?"

"ಅವಳ ಅಪ್ಪ. ಅವರೂ ಮಗಳ ಜೊತೇಲೇ ಬಿಟ್ಟರು. ಅವರ ಖಾತೆ ಆಗ್ಲೇ ಮುಚ್ಚಿದ್ವಿ. ಅವರನ್ನ ಎಲ್ಲರೂ ಮೇಷ್ಟ್ರು ಅಂತಿದ್ವಿ, ಪಾಠ ಮಾಡಿದೋರಲ್ಲ. ತಪ್ಪು ಕಂಡ್ರೆ ಸುಮ್ನಿರ್ತಿರಲಿಲ್ಲ, ಅದಕ್ಕೆ."

ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಪ್ರಿಂಟನ್ನು ತಿರುಗಾಮುರುಗಾ ಮಾಡಿ ನೋಡಿದರು. "ಸಾರ್, ಇದ್ರಲ್ಲಿ ಜಪಾನಿ ಯಾವ್ದು?"

"ಕೊರಿಯನ್‌ನಲ್ಲಿ ಸೊನ್ನೆ ಜಾಸ್ತಿ ಇರುತ್ತಂತೆ."

"ಹಾಗಾದ್ರೆ ನನ್ನ ಗಣಿತದ ಪೇಪರೂ ಕೊರಿಯನ್ನೇ ಸಾರ್."

ಬುಧವಾರ ಬೆಳಿಗ್ಗೆ ಇಂಟರ್‌ನೆಟ್ ಕಂಪನಿಯಿಂದ ವಿಳಾಸ ಬಂತು. ಅದು ಅಪ್ಪ ಮಗಳ ಮನೆಯದೇ. ಹುಡುಗಿಯನ್ನು ಕರೆತರಲು ಅಷ್ಟು ಸಾಕಿತ್ತು. ಆದರೂ ಆ ಸಾಲಿನ ಅರ್ಥ ತಿಳಿಯದೆ ಹೋಗುವುದು ಇನ್ಸ್‌ಪೆಕ್ಟರಿಗೆ ಸರಿಕಾಣಲಿಲ್ಲ. ಹನ್ನೊಂದು ಗಂಟೆಗೆ ಎರಡೂ ಭಾಷೆ ಕಲಿಸುವ ಶಿಕ್ಷಕಿಯೊಬ್ಬರ ಮುಂದೆ ಹಾಳೆ ಇಟ್ಟರು.

"ಎರಡೂ ಒಂದೇ ಮಾತು," ಎಂದರು ಶಿಕ್ಷಕಿ. "ಇದರಲ್ಲಿ ಹಾಕಿದ್ದೆಲ್ಲ ಕಳೆದುಹೋಗಬಹುದು. ಕಳೆದುಕೊಂಡರೆ ಬದುಕು ನಿಲ್ಲುವಂಥದ್ದನ್ನು ಹಾಕಬೇಡಿ."

"ಭಾಷೆ ಹೇಗಿದೆ?"

"ಜಪಾನಿ ಮುತ್ತಿನಂತಿದೆ. ಕೊರಿಯನ್‌ನಲ್ಲಿ ಮೂರು ತಪ್ಪು. ತಿಂಗಳ ಹಿಂದೆ ಅಕ್ಷರ ಕಲಿತವರು ಬರೆದ ಹಾಗಿದೆ."

"ಕಂಪ್ಯೂಟರ್ ಮಾಡಿದ ಅನುವಾದ ಇರಬಹುದಾ?"

"ಕಂಪ್ಯೂಟರ್ ಇಂಥ ತಪ್ಪು ಮಾಡಲ್ಲ. ಇದು ಯಾರೋ ಕಷ್ಟಪಟ್ಟು ಬರೆದದ್ದು."

ಎರಡು ವರ್ಷ ಕೊರಿಯನ್ ಅನುವಾದ ಮಾಡಿದ ಹುಡುಗಿಗೆ ಒಂದು ಸಾಲಿನಲ್ಲಿ ಮೂರು ತಪ್ಪಾಗಲು ಸಾಧ್ಯವಿರಲಿಲ್ಲ. ಇನ್ಸ್‌ಪೆಕ್ಟರ್ ಠಾಣೆಗೆ ಬಂದವರೇ ಇಂಗ್ಲಿಷ್ ಲೇಖನಗಳನ್ನು ತೆರೆದರು. ಪ್ರತಿ ಲೇಖನದ ಕೊನೆಗೆ, ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ, ಅದೇ ಎಚ್ಚರಿಕೆ ಇತ್ತು. ಅಳಿಸಿಹೋದ ಅನುವಾದಗಳ, ಅಂತರ್ಜಾಲದಲ್ಲಿ ಅಲ್ಲಲ್ಲಿ ಉಳಿದಿದ್ದ ಹಳೇ ಪ್ರತಿಗಳನ್ನು ಶಿಕ್ಷಕಿಯಿಂದ ಓದಿಸಿದಾಗ ಒಂದರಲ್ಲೂ ಆ ಸಾಲು ಸಿಗಲಿಲ್ಲ. ಮಾಲೀಕನನ್ನು ಮತ್ತೆ ಕರೆಸಿದರು.

"ಕೊನೇ ಸಾಲು ಯಾಕೆ ಬಿಡಿಸಿದ್ರಿ?"

"ಓದೋರು ಹೆದರ್ತಾರೆ ಸಾರ್. ವ್ಯಾಪಾರ ಅಂದ್ಮೇಲೆ..."

"ಬಾಯಿಮಾತಲ್ಲಿ ಹೇಳಿದ್ರಾ, ಬರೆದು ಕೊಟ್ರಾ?"

"ಈಮೇಲ್ ಮಾಡಿದ್ದೆ."

"ಅದರ ಪ್ರತಿ ಕೊಟ್ಟುಹೋಗಿ."

ಆ ಈಮೇಲನ್ನೂ ಸೇರಿಸಿ ಆರ್ಥಿಕ ಅಪರಾಧ ವಿಭಾಗಕ್ಕೆ ಪ್ರತ್ಯೇಕ ವರದಿ ಹೋಯಿತು. ಆದರೆ ಕೈಯಲ್ಲಿದ್ದ ಪ್ರಕರಣ ಹಾಗೇ ಇತ್ತು. ಅನುಮತಿಯಿಲ್ಲದೆ ಬೇರೆಯವರ ದತ್ತಾಂಶ ಅಳಿಸಿದ್ದು ಅಪರಾಧವೇ.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಅಪ್ಪ ಮಗಳ ಮನೆಯ ಮೆಟ್ಟಿಲು ಹತ್ತಿದರು. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ; ಕೆಳಗಿನ ಮಿಷನ್ನಿನ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು. ಬಾಗಿಲು ತೆಗೆದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಐವತ್ತೆಂಟರ ಆಸುಪಾಸಿನ ಮನುಷ್ಯ.

"ಬನ್ನಿ. ಸ್ವಲ್ಪ ಮೆಲ್ಲಗೆ ಮಾತಾಡಿ. ಮಗಳು ಮಲಗಿದಾಳೆ."

ಒಳಕೋಣೆಯಲ್ಲಿ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟ ತಟ್ಟೆ. ಹೆಡ್ ಕಾನ್‌ಸ್ಟೇಬಲ್ ಹತ್ತಿರ ಹೋಗಿ, "ಏನಮ್ಮಾ, ಹುಷಾರಿಲ್ವಾ?" ಎಂದರು. ಹುಡುಗಿಯ ಕಣ್ಣು ತೆರೆದೇ ಇತ್ತು. ನೋಟ ಗೋಡೆಯಿಂದ ಕದಲಲಿಲ್ಲ.

"ಒಂಬತ್ತು ವಾರ ಆಯ್ತು," ಎಂದರು ಅಪ್ಪ. "ನನ್ನ ಹತ್ರಾನೂ ಮಾತಿಲ್ಲ. ಡಾಕ್ಟರು ಕಾಯಿರಿ ಅಂದಿದಾರೆ."

ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಕೆಳಗೆ ಒಂದು ನೋಟ್‌ಬುಕ್ಕು. ಪುಟಗಟ್ಟಲೆ ಕೊರಿಯನ್ ಅಕ್ಷರಗಳನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ತಿದ್ದಲಾಗಿತ್ತು. ಇನ್ಸ್‌ಪೆಕ್ಟರ್ ಪುಟ ತಿರುವುತ್ತಾ ಕೇಳಿದರು.

"ಇದು ನೀವು ಬರೆದದ್ದಾ?"

"ಹೌದು."

"ಮಗಳ ಪಾಸ್‌ವರ್ಡ್?"

"ನನಗೆ ಗೊತ್ತಿತ್ತು. ಅವಳಿಗೆ ಏನೂ ಗೊತ್ತಿಲ್ಲ. ದಯವಿಟ್ಟು ಇದನ್ನ ಮೊದಲು ಬರ್ಕೊಳ್ಳಿ."

"ಕೊರಿಯನ್ ಕಲಿಯೋ ಕಷ್ಟ ಯಾಕೆ ಪಟ್ರಿ? ಕಂಪ್ಯೂಟರಿಗೆ ಹಾಕಿದ್ರೆ ಆಗ್ತಿತ್ತಲ್ಲ?"

ಮೇಷ್ಟ್ರು ನೋಟ್‌ಬುಕ್ಕಿನ ಕಡೆ ನೋಡಿದರು. "ಕ್ಷಮೆ ಕೇಳೋದನ್ನ ಮಿಷನ್ನಿಗೆ ಒಪ್ಪಿಸೋಕೆ ಮನಸ್ಸಾಗಲಿಲ್ಲ."

ಲ್ಯಾಪ್‌ಟಾಪ್, ನೋಟ್‌ಬುಕ್ಕು ಜಪ್ತಿಯಾದವು. ಹುಡುಗಿಯ ಜೊತೆ ಇರಲು ಮೇಷ್ಟ್ರ ತಂಗಿ ಬರುವವರೆಗೂ ಎಲ್ಲರೂ ಕಾದರು. ನಾಲ್ಕು ನಲವತ್ತಕ್ಕೆ ಮೇಷ್ಟ್ರನ್ನು ಬಂಧಿಸಲಾಯಿತು. ಹೊರಡುವ ಮುಂಚೆ ಅವರು ಒಳಗೆ ಹೋಗಿ ಮಗಳ ತಲೆ ಸವರಿದರು. "ಪುಟ್ಟೀ, ಅತ್ತೆ ಬಂದಿದಾಳೆ. ನಾನು ಸ್ವಲ್ಪ ಹೊರಗೆ ಹೋಗ್ಬರ್ತೀನಿ."

ಠಾಣೆಯಲ್ಲಿ ಅವರು ಕೊಟ್ಟ ಹೇಳಿಕೆ ಉದ್ದವಿರಲಿಲ್ಲ. ಇಪ್ಪತ್ತೆರಡು ವರ್ಷ ಜಪಾನಿ ಯಂತ್ರಗಳ ಕೈಪಿಡಿ ಅನುವಾದ ಮಾಡಿದವರು. ಆ ಕೆಲಸ ನಿಂತ ಮೇಲೆ ಈ ವೆಬ್‌ಸೈಟಿಗೆ ಸೇರಿ, ಕೊರಿಯನ್ ಓದಿದ್ದ ಮಗಳನ್ನೂ ಸೇರಿಸಿದ್ದರು. ಓದುಗರ ಪ್ರಶ್ನೆಗಳಿಗೆ ಉತ್ತರಿಸುವುದು ಮಗಳ ಪಾಲಿನ ಕೆಲಸ. ಕೊರಿಯಾದಲ್ಲಿ ಲಾಂಡ್ರಿ ನಡೆಸುತ್ತಿದ್ದ ಹೆಂಗಸೊಬ್ಬಳು ದಿನಾ ಬರೆಯುತ್ತಿದ್ದಳು. ಹುಡುಗಿಯನ್ನು ತಂಗಿ ಅಂತಲೇ ಕರೆಯುತ್ತಿದ್ದಳು. 'ಈ ಹೊಸ ನಾಣ್ಯವನ್ನು ನಂಬಬಹುದಾ ತಂಗಿ?' ಎಂದು ಆಕೆ ಕೇಳಿದಾಗ, ಮಾಲೀಕ ಕೊಟ್ಟಿದ್ದ ಸಿದ್ಧ ಉತ್ತರವನ್ನೇ ಹುಡುಗಿ ತನ್ನ ಸಿಹಿಯಾದ ಕೊರಿಯನ್‌ಗೆ ತಿರುಗಿಸಿ ಕಳಿಸಿದಳು. ಆಕೆ ಕೂಡಿಟ್ಟದ್ದನ್ನೆಲ್ಲ ಹಾಕಿದ ಆ ನಾಣ್ಯ ಒಂದೇ ವಾರದಲ್ಲಿ ನೆಲಕಚ್ಚಿತು. ಆಮೇಲೆ ಬಂದದ್ದು ಹೆಂಗಸಿನ ಮಗನ ಪತ್ರ. ಅಮ್ಮ ತೀರಿಕೊಂಡರು, ನಿಮ್ಮ ಉತ್ತರಗಳನ್ನು ಪ್ರಿಂಟ್ ಮಾಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು, ನೀವು ಯಾರು ಎಂದು ತಿಳಿಯಬಹುದೇ ಎಂದು ಆತ ಮರ್ಯಾದೆಯಿಂದಲೇ ಕೇಳಿದ್ದ. ಅವತ್ತು ಮಲಗಿದ ಹುಡುಗಿ ಮತ್ತೆ ಮಾತಾಡಲಿಲ್ಲ.

"ಇನ್ನೇನಾದ್ರೂ ಹೇಳೋದಿದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ನನ್ನ ಕೇಳಿದ್ಲು. ಅಪ್ಪಾ, ಈ ಸಾಲು ಬಿಡೋದು ಸರೀನಾ ಅಂತ." ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡರು. "ಕೈಪಿಡೀಲಿ ಒಂದು ಎಚ್ಚರಿಕೆ ಬಿಟ್ಟುಹೋದ್ರೆ ಯಾರದೋ ಬೆರಳು ತುಂಡಾಗುತ್ತೆ ಅಂತ ನಂಗೆ ಗೊತ್ತಿತ್ತು ಸಾರ್. ಆದ್ರೂ ಹೇಳಿದೆ. ನಿಜ ಸುಳ್ಳು ಬರೆದೋನ ತಲೆನೋವು ಪುಟ್ಟಿ, ನಮ್ಮದು ಬರೀ ಭಾಷೆ ಅಂದೆ. ಅವಳು ಚಿಕ್ಕಂದಿನಿಂದ ನನ್ನ ಮಾತು ನಂಬ್ತಾಳೆ."

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ತಿರುಗಿ ಕೂತರು. ಇನ್ಸ್‌ಪೆಕ್ಟರ್ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಆ ಕೊನೆಯ ಮಾತನ್ನು ತಾವೇ ಬರೆದುಕೊಂಡರು.