ಹಿಂದಿನ ಸೀಟಿನ ಬೂಷ್ಟು

ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿದೆಯೇ ಎಂಬ ಅಳುಕು ಇದ್ದೇ ಇದೆ. ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದವಳು ಮಗಳು. ಅಪ್ಪ ತಮ್ಮ ಹಳೆಯ ಕಾರಿನ ಪಕ್ಕ ನೆಲದ ಮೇಲೆ ಬೋರಲಾಗಿ ಬಿದ್ದಿದ್ದರು. ತಲೆ ಒಡೆದಿತ್ತು. ರಕ್ತ ಮೆತ್ತಿದ ಸ್ಪ್ಯಾನರ್ ಮನೆಯ ಡ್ರೈವರನ ಸಾಮಾನಿನ ಪೆಟ್ಟಿಗೆಯಲ್ಲೇ ಸಿಕ್ಕಿತು. ಹಿಂದಿನ ದಿನ ಯಜಮಾನರು ಅವನಿಗೆ ಬೈದದ್ದು ಬೀದಿಗೆಲ್ಲ ಕೇಳಿತ್ತು. ಮಧ್ಯಾಹ್ನದೊಳಗೆ ಅವನ ಕೈಗೆ ಕೋಳ ಬಿತ್ತು.

* * *

ಮೂರು ವಾರದ ಮೇಲೆ ಮಗಳು ಸೂಜಿಯಕ್ಕನನ್ನು ಕರೆಸಿದಳು. ಕಾರಿನ ಸೀಟು ಹೊಲಿಯುವ ಹೆಂಗಸು. ಚರ್ಮದ ಸೀಟೆಂದರೆ ಎಲ್ಲರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

"ಬೂಷ್ಟು ಹಿಡಿದಿದೆ ಅಕ್ಕಾ. ಅಪ್ಪನ ಕಾರನ್ನ ಹೀಗೆ ನೋಡಕ್ಕಾಗಲ್ಲ."

"ಅದಕ್ಯಾಕೆ ಇಷ್ಟು ರಂಪ? ಗುಜರಿಗೆ ಹಾಕು ಅಂದೆನಲ್ಲ," ಎಂದರು ಅವಳ ಬೆನ್ನಿಗೇ ಬಂದ ಚಿಕ್ಕಪ್ಪ.

ಮುಂದಿನ ಸೀಟು ಹೊಳೆಯುತ್ತಿತ್ತು. ಹಿಂದಿನ ಸೀಟಿನ ಎಡಭಾಗದಲ್ಲಷ್ಟೇ ಬಿಳಿ ಬೂಷ್ಟು. ಅದೂ ಕಮಾನು ಕಮಾನಾಗಿ, ಯಾರೋ ಒದ್ದೆ ಬಟ್ಟೆ ಎಳೆದಂತೆ. ಸೂಜಿಯಕ್ಕ ಒಣಬಟ್ಟೆ ಆಡಿಸಿದಳು. ಸಲೀಸಾಗಿ ಬಂತು. ಚರ್ಮದ ಮೇಲೆ ಒಂದು ಕಲೆಯೂ ಉಳಿಯಲಿಲ್ಲ.

ಅವಳ ಕೈ ನಿಂತಿತು. ಉಳಿದ ಬೂಷ್ಟನ್ನು ಮುಟ್ಟಲಿಲ್ಲ. ತನಗ್ಯಾಕೆ ಊರ ಉಸಾಬರಿ ಎಂದುಕೊಂಡಳು. ಆದರೆ ಜೈಲಿನಲ್ಲಿದ್ದ ಡ್ರೈವರ್ ಇಪ್ಪತ್ತು ವರ್ಷ ಅವಳ ಅಂಗಡಿಗೆ ಸೀಟು ಹೊತ್ತು ತಂದವನು.

* * *

ಆ ಸೀಟನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆ ಎಂದು ಸೂಜಿಯಕ್ಕ ಠಾಣೆಗೆ ಹೋಗಿ ಹೇಳಿದಳು.

"ಅಂದ್ರೆ ಡ್ರೈವರ್ ರಕ್ತ ತೊಳೆದಿದ್ದಾನೆ," ಎಂದರು ಇನ್‌ಸ್ಪೆಕ್ಟರ್. "ಅವನನ್ನ ಬಿಡಿಸಕ್ಕೆ ಬಂದು ಇನ್ನಷ್ಟು ಸಿಕ್ಕಿಸ್ತಿದ್ದೀರಲ್ಲಮ್ಮ!"

ಸೂಜಿಯಕ್ಕ ಬಿಡಲಿಲ್ಲ. "ಯಾವಾಗ ತೊಳೆದದ್ದು ಅಂತ ಕೇಳಿ ಸಾರ್. ಮೂರು ವಾರದ್ದಾದ್ರೆ ಹಸಿರಿಗೆ ತಿರುಗಿ ಚರ್ಮ ತಿಂದಿರುತ್ತೆ. ಇದು ಹಸುಗೂಸು. ಒಂದು ವಾರ ಆಗಿದ್ರೆ ಹೆಚ್ಚು."

"ಬೂಷ್ಟಿಗೂ ಹುಟ್ಟಿದ ತಾರೀಕು ಹೇಳ್ತೀರಾ?"

"ನನ್ನ ಮಾತು ನಂಬಬೇಡಿ. ಪರೀಕ್ಷೆ ಮಾಡಿ."

ಇನ್‌ಸ್ಪೆಕ್ಟರ್ ಸೀಟಿನ ಫೋಟೋ ತೆಗೆಸಿದರು. ಅದೇ ಚರ್ಮದ ತುಂಡೊಂದು ಅವಳ ಅಂಗಡಿಯಲ್ಲಿತ್ತು. ಅದನ್ನು ಒದ್ದೆ ಮಾಡಿ ಕಾರಿನೊಳಗಿಟ್ಟು, ಪೊಲೀಸರೇ ಬೀಗಮುದ್ರೆ ಹಾಕಿದರು. ಅಷ್ಟೂ ದಿನ ಸೂಜಿಯಕ್ಕನಿಗೆ ಊಟ ಸೇರಲಿಲ್ಲ. ಲೆಕ್ಕ ತಪ್ಪಿದರೆ ಅವನ ಕೊರಳಿಗೆ ಹಗ್ಗ ಬಿಗಿದವಳು ತಾನೇ.

ಆರನೆಯ ದಿನ ಬಿಳಿ ಬೂಷ್ಟು, ಫೋಟೋದಲ್ಲಿದ್ದಂತೆಯೇ. ಮತ್ತೆ ಮುಚ್ಚಿದರು. ಮೂರು ವಾರ ತುಂಬಿದಾಗ ಹಸಿರು. ಒರೆಸಿದರೆ ಕಲೆ.

* * *

ಎಲ್ಲರೆದುರು ಸೂಜಿಯಕ್ಕ ಸೀಟಿನ ಹೊಲಿಗೆ ಬಿಚ್ಚಿದಳು. ಒಳಗಿನ ನಾರಿನಲ್ಲಿ ರಕ್ತ ಕಂದಾಗಿ ಒಣಗಿತ್ತು.

"ಕೊಲೆ ಆಗಿದ್ದು ಇಲ್ಲಿ," ಎಂದರು ಇನ್‌ಸ್ಪೆಕ್ಟರ್. "ಆಮೇಲೆ ನೆಲಕ್ಕೆ ಎಳೆದು ಹಾಕಿದ್ದಾರೆ. ಸೀಟು ಕಡುಕಂದು, ನಮ್ಮ ಕಣ್ಣಿಗೂ ಬೀಳಲಿಲ್ಲ. ತೊಳೆದಾಗ ಡ್ರೈವರ್ ಜೈಲಲ್ಲಿದ್ದ. ಕಾರಿಗಿರೋ ಒಂದೇ ಕೀಲಿ ನಮ್ಮ ಠಾಣೆಯಲ್ಲಿತ್ತು, ಎರಡು ವಾರದ ಮೇಲೆ ಸಹಿ ಹಾಕಿ ತಗೊಂಡವರು ನೀವು."

ಚಿಕ್ಕಪ್ಪ ನಕ್ಕರು. "ಧೂಳಿತ್ತು, ಒರೆಸಿದೆ. ಅದೂ ತಪ್ಪಾ?"

"ನಿಮ್ಮಣ್ಣ ಕೂರ್ತಿದ್ದ ಜಾಗ ಒಂದನ್ನೇ?" ಎಂದಳು ಸೂಜಿಯಕ್ಕ.

"ಚಿಕ್ಕಪ್ಪಾ, ಅಲ್ಲ ಅಂತ ಹೇಳಿ," ಎಂದಳು ಮಗಳು. "ಒಂದ್ಸಲ ಹೇಳಿ."

ಚಿಕ್ಕಪ್ಪ ಬಾನೆಟ್ಟಿಗೆ ಕೈಯೂರಿ ನಿಂತರು. "ಸಿಟ್ಟಲ್ಲಿ ಕೈ ಎತ್ತಿಬಿಟ್ಟೆ." ಸ್ಪ್ಯಾನರನ್ನು ಡ್ರೈವರನ ಪೆಟ್ಟಿಗೆಗೆ ಹಾಕಿದ್ದನ್ನೂ ಒಪ್ಪಿಕೊಂಡರು.

ಮರುದಿನ ಡ್ರೈವರ್ ಹೊರಗೆ ಬಂದ. ನೇರ ಸೂಜಿಯಕ್ಕನ ಅಂಗಡಿಗೆ ಹೋಗಿ, ಬಾಗಿಲಲ್ಲಿದ್ದ ಸೀಟೊಂದನ್ನು ಹೊತ್ತು ಒಳಗಿಟ್ಟ.

ನಿಂತ ಕಾರಿನಲ್ಲಿ ಕೂತು ಅಣ್ಣತಮ್ಮಂದಿರು ಯಾವ ಮಾತಿಗೆ ಜಗಳವಾಡಿದರೋ, ಚಿಕ್ಕಪ್ಪ ಕೊನೆಗೂ ಬಾಯಿ ಬಿಡಲಿಲ್ಲ. ನನಗೂ ಗೊತ್ತಿಲ್ಲ.