ಎರಡು ನಿಮಿಷ ಹಿಂದಿನ ಗಿಡುಗ

"ಇಳೀರಿ ಸ್ವಾಮಿ! ಕಾಳಿನ ಜೊತೆ ನಿಮ್ಮನ್ನೂ ಮಾರಿಬಿಡ್ತೀವಿ."

ಮೂರು ವರ್ಷದ ಹಿಂದೆ ಅವಳು ಅವನಿಗೆ ಹೇಳಿದ ಮೊದಲ ಮಾತು ಅದು. ಗೋದಾಮಿನ ತೂಕದ ಕಟ್ಟೆಯ ಮೇಲೆ ಲಾರಿ ನಿಂತಿತ್ತು. ಅದರ ಪಕ್ಕದಲ್ಲಿ, ಕಟ್ಟೆಯ ಮೇಲೆಯೇ, ಹೊಸ ಲೈನ್‌ಮನ್, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು, ಕತ್ತೆತ್ತಿ ಕಾಳು ತುಂಬಿಡುವ ಗೋಪುರದ ನೆತ್ತಿಯನ್ನು ನೋಡುತ್ತಾ ನಿಂತುಬಿಟ್ಟಿದ್ದ. ಅಲ್ಲೊಂದು ಗಿಡುಗ ಕಡ್ಡಿ ಹೊತ್ತು ಇಳಿಯುತ್ತಿತ್ತು.

ಅವನು ಗಾಬರಿಯಾಗಿ ಕೆಳಗಿಳಿದ. ತೂಕದ ಅಂಕಿ ಸರ್ರನೆ ಕುಸಿಯಿತು.

"ಎಪ್ಪತ್ತು ಕೆಜಿ" ಎಂದಳು, ತೂಕ ಬರೆದುಕೊಳ್ಳುವ ಕೋಣೆಯ ಕಿಟಕಿಯಿಂದ.

"ಟೂಲ್ಸ್ ಸೇರಿ" ಎಂದ ಅವನು, ಮಾನ ಹೋದವನಂತೆ.

ಅಂದಿನಿಂದ ಗೋದಾಮಿನಲ್ಲಿ ಒಂದು ಬಲ್ಬು ಹೋದರೂ ಅವನೇ ಬರುತ್ತಿದ್ದ. ಕಿಟಕಿಯ ಹತ್ತಿರ ಬಂದು ನಿಲ್ಲುವುದು, ಸಹಿ ಹಾಕುವುದು, "ಬರ್ತೀನಿ" ಎನ್ನುವುದು. ಹೋಗುವಾಗ ಗೇಟಿನ ಬಳಿ ಒಮ್ಮೆ ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ ಹಿಂದಕ್ಕೆ ನೋಡುವುದು. ಅವನ ಬೂಟಿಗೆ ಲೇಸೇ ಇರಲಿಲ್ಲ. ಅದನ್ನು ಅವಳು ಮೊದಲ ತಿಂಗಳಲ್ಲೇ ಕಂಡುಹಿಡಿದಿದ್ದಳು.

ಈ ವರ್ಷ ಗೋಪುರದ ಮೇಲಿನ ಗಿಡುಗನ ಗೂಡಿನಲ್ಲಿ ಮೂರು ಮರಿ. ಶಾಲೆಯ ಟೀಚರು ಕೇಳಿಕೊಂಡರೆಂದು ಮ್ಯಾನೇಜರು ಕ್ಯಾಮೆರಾ ಹಾಕಿಸಿದ. ಗೂಡು ಊರಿನವರ ಫೋನಿಗೆಲ್ಲ ಇಳಿಯಿತು. ವಾರಕ್ಕೊಮ್ಮೆ ಗೋಪುರ ಹತ್ತಿ, ಹಿಂಬದಿಯ ಸಣ್ಣ ಬಾಗಿಲಿನಿಂದ ಕೋಲಿಗೆ ಬಟ್ಟೆ ಕಟ್ಟಿ ಲೆನ್ಸ್ ಒರೆಸುವ ಕೆಲಸ ಲೈನ್‌ಮನ್‌ಗೆ ಬಂತು. ಗಾಳಿಯ ಭೋರ್ಗರೆತ ನೋಡುವವರ ಕಿವಿ ಕೊರೆಯುತ್ತದೆಂದು ಮೈಕಿನ ತೂತಿಗೆ ಅವನೇ ಕಪ್ಪು ಟೇಪು ಅಂಟಿಸಿದ್ದ.

"ಈಗ ಒಂದು ಮರಿ ರೆಕ್ಕೆ ಬಡೀತು ನೋಡಿ" ಎಂದಳು ಅವಳೊಂದು ದಿನ, ಫೋನು ತೋರಿಸಿ.

"ಈಗ ಅಲ್ಲ. ಇಲ್ಲಿನ ನೆಟ್‌ವರ್ಕು ನಿಧಾನ. ನೀವು ನೋಡ್ತಿರೋದು ಎರಡು ನಿಮಿಷ ಹಿಂದಿನ ಗಿಡುಗ."

"ಅಂದ್ರೆ ನನಗೆ ಬರೋದೆಲ್ಲ ಹಳಸಿದ ಸುದ್ದಿ."

ಅವನು ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಸಹಿ ಹಾಕಿದ.

ಮನೆಯಲ್ಲಿ ಅಣ್ಣ ಗೂಡನ್ನು ಟಿವಿಗೇ ಹಚ್ಚಿಟ್ಟಿದ್ದ. ಊಟಕ್ಕೆ ಕೂತಾಗಲೆಲ್ಲ ಅದೇ. ಮೊದಲೆರಡು ಮರಿ ಹಾರಿಹೋದವು. ಮೂರನೆಯದು ಗೂಡಿನ ಅಂಚಿಗೆ ಬರುವುದು, ಕೆಳಗೆ ನೋಡುವುದು, ಮತ್ತೆ ನಡುವಿಗೆ ಹೋಗಿ ಕೂರುವುದು.

"ಇದು ಹಾರೋ ಪೈಕಿ ಅಲ್ಲ ಬಿಡು" ಎಂದು ಅಣ್ಣ ತುತ್ತು ಎತ್ತಿದ. "ನಮ್ಮ ತಂಗಿ ಥರ. ಮನೆ ಅಂದ್ರೆ ಪ್ರಾಣ."

ಪ್ರೀತಿಯಿಂದಲೇ ಹೇಳಿದ್ದ. ಅದೇ ಅವಳನ್ನು ಹೆಚ್ಚು ಸುಟ್ಟದ್ದು. ಅವಳಿಗೆ ಮೂವತ್ತಮೂರು. ಬಂದ ಮೂರು ಸಂಬಂಧಗಳನ್ನೂ ಅವಳಿಗೆ ತಿಳಿಸದೆಯೇ ಅಣ್ಣ ಬಾಗಿಲಿನಿಂದ ವಾಪಸು ಕಳಿಸಿದ್ದ. ಅವನ ಮಕ್ಕಳಿಗೆ ಸ್ನಾನ, ಪಾಠ, ಅತ್ತಿಗೆಯ ಸೊಂಟನೋವಿಗೆ ಬಿಸಿನೀರು, ಎಲ್ಲ ಅವಳ ಪಾಲು. "ಈ ಮನೆ ನಡೆಯೋದೇ ಇವಳಿಂದ" ಎಂದು ಬಂದವರ ಮುಂದೆ ಹೊಗಳುತ್ತಿದ್ದ. ಹೊಗಳಿಕೆಯೂ ಒಂದು ಬೀಗ ಎಂದು ಅವಳಿಗೆ ಅರ್ಥವಾಗುವ ಹೊತ್ತಿಗೆ ಹತ್ತು ವರ್ಷ ಸರಿದಿತ್ತು.

ಅಣ್ಣ ಆ ತುತ್ತು ನುಂಗುವಷ್ಟರಲ್ಲಿ ಟಿವಿಯಲ್ಲಿ ಬಟ್ಟೆ ಕಟ್ಟಿದ ಕೋಲು ಕಾಣಿಸಿತು. ಅದರ ಹಿಂದೆ ಒಂದು ದನಿ. ಬಿಸಿಲಿಗೆ ಒಣಗಿ ಮೈಕಿನ ಟೇಪು ಉದುರಿಹೋಗಿದೆ ಎಂದು ಆ ದನಿಗೆ ಗೊತ್ತಿರಲಿಲ್ಲ.

"ಏನ್ ಪುಟ್ಟಿ, ಇವತ್ತೂ ಹಾರಲ್ವಾ? ಬೈಯಲ್ಲ ಬಿಡು. ನನ್ನ ನೋಡು, ಹನ್ನೊಂದು ಸಾವಿರ ವೋಲ್ಟ್ ಲೈನಿಗೆ ಹೆದರಲ್ಲ. ಆ ತೂಕದ ಕಿಟಕಿ ಹತ್ರ ಹೋದ್ರೆ ನಾಲಿಗೆ ಫ್ಯೂಸು ಹಾರುತ್ತೆ. ಮೂರು ವರ್ಷ ಆಯ್ತು ಮಾರಾಯ್ತಿ. ಕೂದಲಿಗೆ ಪೆನ್ನು ಸಿಕ್ಕಿಸ್ಕೊಂಡು ಟೇಬಲ್ಲೆಲ್ಲ ಹುಡುಕ್ತಾ ಇರ್ತಾಳೆ. ಪೆನ್ನು ತಲೆ ಮೇಲಿದೆ ಅಂತ ಹೇಳಲ್ಲ ನಾನು. ಇನ್ನೊಂದು ಸ್ವಲ್ಪ ಹುಡುಕ್ಲಿ, ಇನ್ನೊಂದು ಸ್ವಲ್ಪ ನೋಡೋಣ ಅನ್ಸುತ್ತೆ."

ಅತ್ತಿಗೆಯ ಕೈಯ ಸೌಟು ನೆಲಕ್ಕೆ ಬಿತ್ತು. ತಂಗಿಯ ಕೈ ತಾನಾಗಿ ಕೂದಲಿಗೆ ಹೋಯಿತು.

ಸಂಜೆಯೊಳಗೆ ಊರೆಲ್ಲ ಪೆನ್ನಿನ ಮಾತು. ಲಾರಿಯವರು ಕಿಟಕಿಯ ಮುಂದೆ ನಿಂತು ತಮ್ಮ ತಲೆ ತಡವಿಕೊಂಡು ನಕ್ಕರು. ಲೈನ್‌ಮನ್ ಮಾತ್ರ ನಾಪತ್ತೆ. ಅಣ್ಣ ನಾಲ್ಕು ದಿನ ಕುದಿದ. ಐದನೆಯ ಬೆಳಿಗ್ಗೆ ಹೇಳಿದ: "ಇವತ್ತಿಂದ ಕೆಲಸ ಬೇಡ. ಮ್ಯಾನೇಜರಿಗೆ ಹೇಳಿ ಆಗಿದೆ. ಕಂಬ ಹತ್ತೋನು ಊರ ಮುಂದೆ ನಿನ್ನ ಮಾತೆತ್ತೋದಾ?"

"ನನ್ನ ಕೆಲಸ ಬಿಡ್ತೀನಿ ಅಂತ ನಾನು ತಾನೇ ಹೇಳ್ಬೇಕು?"

"ಎದುರು ಮಾತಾಡ್ತೀಯಾ?"

"ಎದುರಿಗೇ ಇದೀಯಲ್ಲ ಅಣ್ಣ."

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ದಾರಿಯಲ್ಲಿ ಲೈನ್‌ಮನ್‌ಗೆ ಫೋನು ಮಾಡಿದಳು. "ಮಧ್ಯಾಹ್ನ ಒಂದು ಗಂಟೆಗೆ ಗೋಪುರದ ಹತ್ರ ಬನ್ನಿ. ಟೇಪು ತನ್ನಿ."

ಅವನು ಬಂದ. ಬೂಟು ನೋಡುತ್ತಾ ನಿಂತ. "ಬೇರೆ ಕಡೆಗೆ ಹಾಕಿ ಅಂತ ಅರ್ಜಿ ಕೊಟ್ಟಿದೀನಿ. ನಿಮಗೆ ಮುಜುಗರ ಆಗ್ಬಾರ್ದು."

"ಮುಜುಗರ ನನ್ನದು. ಅರ್ಜಿ ನಿಮ್ಮದು. ಕೆಲಸ ಬಿಡಿಸೋದು ಅಣ್ಣಂದು. ಚೆನ್ನಾಗಿ ಹಂಚ್ಕೊಂಡಿದೀರಿ. ನನ್ನನ್ನ ಯಾರಾದ್ರೂ ಕೇಳಿದ್ರಾ?" ಕೈ ಚಾಚಿದಳು. "ಟೇಪು ಕೊಡಿ."

"ಎಂಬತ್ತು ಮೆಟ್ಟಿಲಿದೆ. ನಾನು ಹತ್ತುತ್ತೀನಿ."

"ನೀವು ಹತ್ತಿ ಮಾತಾಡಿದ್ದು ಸಾಕು."

ಕಬ್ಬಿಣದ ಕಂಬಿ ಕಾದ ಹಂಚಿನಂತಿತ್ತು. ಅವಳು ನಿಲ್ಲಲಿಲ್ಲ. ಹಿಂಬದಿಯ ಬಾಗಿಲು ತೆರೆದರೆ, ಕ್ಯಾಮೆರಾದ ಆಚೆ ಮರಿ. ಟಿವಿಯಲ್ಲಿ ಕಂಡಂತೆ ಮೊದ್ದಾಗಿರಲಿಲ್ಲ ಅದು. ಕಣ್ಣು ಹಳದಿ, ಉರಿಯುವ ಹಳದಿ. ಅವಳನ್ನು ನೋಡಿ ಗೂಡಿನ ಅಂಚಿಗೆ ಸರಿಯಿತು.

ಅವಳು ಮೈಕಿಗೆ ಬಾಯಿ ಹತ್ತಿರ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದಳು. "ಅಣ್ಣಾ, ಊಟಕ್ಕೆ ಕೂತಿರ್ತೀಯ. ತಟ್ಟೆ ಬಿಟ್ಟು ಏಳ್ಬೇಡ. ಮೊನ್ನೆ ಇಲ್ಲಿ ಒಬ್ರು ಒಂದು ಮಾತು ಹೇಳಿದ್ರು. ಅದಕ್ಕೆ ಉತ್ತರ ಕೊಡೋಳು ನಾನು, ನೀನಲ್ಲ. ನನಗೆ ಒಪ್ಪಿಗೆ. ನಾಳೆ ಹತ್ತು ಗಂಟೆಗೆ ಹೊರಡ್ತೀನಿ. ಕದ್ದು ಅಲ್ಲ, ಹಿತ್ತಲಿಂದ ಅಲ್ಲ, ಮುಂಬಾಗಿಲಿಂದ. ಬಂದು ಕಳಿಸ್ಕೊಟ್ರೆ ಸಂತೋಷ. ಬರ್ದಿದ್ರೆ, ಬಾಗಿಲು ಎಲ್ಲಿದೆ ಅಂತ ನನಗೆ ಗೊತ್ತು."

ಟೇಪು ಹರಿದು ತೂತಿಗೆ ಒತ್ತಿ ಅಂಟಿಸಿದಳು. ಇನ್ನು ಮುಂದಿನ ಮಾತು ಊರಿಗಲ್ಲ.

ಕೆಳಗೆ ಬಂದಾಗ ಅವನು ಏಣಿಯ ಕಂಬಿ ಹಿಡಿದು ಬಿಳಿಚಿಕೊಂಡಿದ್ದ. "ಏನ್ ಮಾಡಿದ್ರಿ ಮೇಲೆ?"

"ಫೋನು ನೋಡಿ. ಹಳಸಿದ ಸುದ್ದಿ ಈಗ ಬರುತ್ತೆ."

ಫೋನಿನಲ್ಲಿ ಅವಳ ದನಿ ಶುರುವಾಯಿತು. ಅವನು ಕಣ್ಣು ಮಿಟುಕಿಸದೆ ಕೇಳಿದ. "ನನಗೆ ಒಪ್ಪಿಗೆ" ಎಂಬಲ್ಲಿಗೆ ಬಂದಾಗ ಕಿವಿ ಕೆಂಪಾಯಿತು. ಬಾಯಿ ತೆರೆದ. ಮುಚ್ಚಿದ. ಈ ಸಲ ಮತ್ತೆ ತೆರೆದ.

"ಪೆನ್ನು... ತಲೆ ಮೇಲಿದೆ."

"ಗೊತ್ತು" ಎಂದಳು ಅವಳು. "ಮೂರು ವರ್ಷದಿಂದ ಗೊತ್ತು."

ಅವನು ನಕ್ಕುಬಿಟ್ಟ. ಅಷ್ಟರಲ್ಲಿ ಅವರ ಮೇಲೆ ನೆರಳೊಂದು ಹಾಯಿತು. ಇಬ್ಬರೂ ಕತ್ತೆತ್ತಿದರು. ಮರಿ ಗೂಡು ಬಿಟ್ಟಿತ್ತು. ಒಮ್ಮೆ ಕುಸಿದು, ತತ್ತರಿಸಿ, ಗೋದಾಮಿನ ತಗಡಿನ ಮಾಡನ್ನು ಮುಟ್ಟಿಯೇಬಿಟ್ಟಿತು ಎನ್ನುವಾಗ ರೆಕ್ಕೆ ಹರವಿ ಮೇಲೆದ್ದಿತು.

ಅವನ ಕೈಯಲ್ಲಿದ್ದ ಫೋನಿನಲ್ಲಿ ಅದು ಇನ್ನೂ ಗೂಡಿನಲ್ಲೇ ಕೂತಿತ್ತು. ಮನೆಯ ಟಿವಿಯಲ್ಲೂ ಕೂತಿರುತ್ತದೆ, ಇನ್ನೂ ಎರಡು ನಿಮಿಷ.

ಅವಳು ಅವನ ಕೈ ಹಿಡಿದಳು. ತೂಕದ ಕಟ್ಟೆಯ ಮೇಲೆಯೇ ಹಾದು ಇಬ್ಬರೂ ಗೇಟಿನ ಕಡೆ ನಡೆದರು. ಲಾರಿಯವರೆಲ್ಲ ನೋಡುತ್ತಿದ್ದರು. ಗೇಟಿನ ಬಳಿ ಈ ಸಲ ಅವನು ಲೇಸು ಕಟ್ಟಲು ಬಗ್ಗಲಿಲ್ಲ.